ಟ್ರೈನಿ ಪತ್ರಕರ್ತರಿಗೆ ಬಿಡುವು ಸಿಗುತ್ತದಾ? ಕೊಳಲು ಕ್ಲಾಸ್ ಬಿಡಬೇಕಾ?

ಮುಂದಿನ ತಿಂಗಳು ಬೆಂಗಳೂರಿನಲ್ಲಿ ಒಂದು ದಿನಪತ್ರಿಕೆಗೆ ಟ್ರೈನಿಯಾಗಿ ಸೇರುತ್ತಿದ್ದೀರಿ, ಮೂರು ವರ್ಷದಿಂದ ಸಂಜೆ ಹೊತ್ತು ಕೊಳಲು ಕಲಿಯುತ್ತಿದ್ದೀರಿ, ಇನ್ನು ಅದನ್ನು ಬಿಡಬೇಕಾ ಅಂತ ಕೇಳಿದ್ದೀರಿ. ಬಿಡಬೇಡಿ. ಆದರೆ ಸಂಜೆಯ ಆಸೆ ಬಿಡಿ.

ನಾನು ಮೈಸೂರಿನಲ್ಲಿ ಪತ್ರಿಕೋದ್ಯಮ ಎಂ.ಎ. ಮಾಡಿ, ಆಮೇಲೆ ಬೆಂಗಳೂರಿಗೆ ಬಂದು ಒಂದು ಕನ್ನಡ ಪತ್ರಿಕೆಯಲ್ಲಿ ಒಂದು ವರ್ಷ ಟ್ರೈನಿಯಾಗಿದ್ದವನು. ಓದುವಾಗ ಲ್ಯಾಬ್ ಜರ್ನಲ್ (ವಿದ್ಯಾರ್ಥಿಗಳೇ ಅಭ್ಯಾಸಕ್ಕೆ ತರುವ ಪತ್ರಿಕೆ) ತರುವ ವಾರ ಬಿಟ್ಟರೆ ಉಳಿದ ದಿನ ಆರಾಮಾಗಿ ಕುಕ್ಕರಹಳ್ಳಿ ಕೆರೆ ಸುತ್ತಿಕೊಂಡು ಇದ್ದೆ. ಡೆಸ್ಕ್‌ಗೆ, ಅಂದರೆ ಸುದ್ದಿ ತಿದ್ದಿ ಪುಟ ಕಟ್ಟುವ ವಿಭಾಗಕ್ಕೆ, ಬಂದ ಮೇಲೆ ಗೊತ್ತಾಯಿತು, ಊರೆಲ್ಲ ಕೆಲಸ ಮುಗಿಸಿ ಮನೆಗೆ ಹೋಗುವ ಹೊತ್ತಿಗೆ ನಮ್ಮದು ಶುರುವಾಗುತ್ತದೆ. ದೂರದ ಜಿಲ್ಲೆಗಳ ಪುಟಗಳು ಮೊದಲು ಹೋಗಬೇಕು, ಯಾಕೆಂದರೆ ಆ ಪೇಪರ್ ಹೊತ್ತ ಗಾಡಿ ರಾತ್ರಿಯೇ ಹೊರಡಬೇಕು. ನಗರದ ಆವೃತ್ತಿ ಕೊನೆಗೆ. ಅದು ಮುಗಿಯುವಷ್ಟರಲ್ಲಿ ಹನ್ನೆರಡು ದಾಟಿರುತ್ತದೆ, ಕೊನೇ ಮೆಟ್ರೋ ಹೋಗಿರುತ್ತದೆ, ಪಿ.ಜಿ.ಯಲ್ಲಿ ಎತ್ತಿಟ್ಟ ಅನ್ನ ತಣ್ಣಗಾಗಿರುತ್ತದೆ. ಹಾಗಾಗಿ ಸಂಜೆ ಆರರ ಕ್ಲಾಸ್ ಅನ್ನೋದು ನಿಮ್ಮ ಪಾಲಿಗೆ ಇನ್ನು ಇಲ್ಲ ಅಂದುಕೊಳ್ಳಿ. ಬೆಳಿಗ್ಗೆ ಮಾತ್ರ ಪೂರ್ತಿ ನಿಮ್ಮದು. ಅದನ್ನು ಹನ್ನೊಂದು ಗಂಟೆವರೆಗೆ ಮಲಗಿ ಕಳೆದರೆ ಆಯಿತು, ಮುಗೀತು (ನಾನು ಮೊದಲ ನಾಲ್ಕು ತಿಂಗಳು ಮಾಡಿದ್ದು ಅದನ್ನೇ).

ವರದಿಗಾರಿಕೆಗೆ ಹಾಕಿದರೆ ಲೆಕ್ಕ ಬೇರೆ. ಬೆಂಗಳೂರಿನಲ್ಲಿ ಪ್ರತಿಭಟನೆ ಅಂದರೆ ಈಗ ಫ್ರೀಡಂ ಪಾರ್ಕ್, ಅಲ್ಲಿಗೆ ಟ್ರೈನಿಗಳನ್ನೇ ಕಳಿಸುವುದು ಜಾಸ್ತಿ. ಹನ್ನೊಂದಕ್ಕೆ ಅಂದವರು ಒಂದು ಗಂಟೆಗೆ ಬರುತ್ತಾರೆ, ಮನವಿ ತೆಗೆದುಕೊಳ್ಳಬೇಕಾದ ಅಧಿಕಾರಿ ಮೂರಕ್ಕೆ. ಈ ಕಾಯುವ ಹೊತ್ತೇ ಬಿಡುವು ಅಂದುಕೊಂಡು ನಾನು ಒಂದು ದಪ್ಪ ಕಾದಂಬರಿ ಬ್ಯಾಗಲ್ಲಿ ಹಾಕಿಕೊಂಡು ಓಡಾಡುತ್ತಿದ್ದೆ, ವರ್ಷಪೂರ್ತಿ ನಲವತ್ತು ಪುಟ ದಾಟಲಿಲ್ಲ. ಒಂದು ಕಣ್ಣು ವೇದಿಕೆ ಮೇಲೆ, ಒಂದು ಕಿವಿ ಫೋನ್ ಕಡೆ ಇರುವಾಗ ಅದು ಬಿಡುವು ಹೇಗಾಗುತ್ತದೆ ಹೇಳಿ? ಬೆಳಿಗ್ಗೆ ನಾಲ್ಕು ಪೇಪರ್ ತಿರುವಿ ಹಾಕುವುದೂ ಅಷ್ಟೇ, ಅದು ಕೆಲಸವೇ.

ಇನ್ನು ವಾರದ ರಜೆ. ನನ್ನದು ಶುಕ್ರವಾರ ಇತ್ತು. ಸ್ನೇಹಿತರೆಲ್ಲ ಆಫೀಸಿನಲ್ಲಿರುವ ದಿನ, ಸಿನಿಮಾಕ್ಕೂ ಒಬ್ಬನೇ ಹೋಗಬೇಕು. ಅದೂ ಕೈಗೆ ಬಂದಾಗ ಬಂತು ಅನ್ನಬೇಕು. 2021ರ ಅಕ್ಟೋಬರ್ 29 ಶುಕ್ರವಾರ. ಒಂದು ಬಕೆಟ್ ಬಟ್ಟೆ ನೆನೆಸಿ, ಮಧ್ಯಾಹ್ನ ಒಗೆದರಾಯಿತು ಅಂತ ಮಲಗಿದ್ದೆ. ಪುನೀತ್ ರಾಜ್‌ಕುಮಾರ್ ಹೋಗಿಬಿಟ್ಟರು ಅಂತ ಫೋನ್ ಬಂತು. ಅವತ್ತು ರಜೆ ಅಂತ ಮನೆಯಲ್ಲಿ ಕೂರುವವನು ಪತ್ರಕರ್ತನೇ ಅಲ್ಲ, ಅದರ ಬಗ್ಗೆ ನನಗೆ ದೂರಿಲ್ಲ. ಯೋಜಿಸಿದ್ದ ಪುಟಗಳನ್ನೆಲ್ಲ ಕಿತ್ತು ಹೊಸದಾಗಿ ಕಟ್ಟಿದೆವು. ಭಾನುವಾರ ಕಂಠೀರವ ಸ್ಟುಡಿಯೊದಲ್ಲಿ ಮಣ್ಣು ಮಾಡುವವರೆಗೂ ಯಾರಿಗೂ ಪುರುಸೊತ್ತಿರಲಿಲ್ಲ. ರೂಮಿಗೆ ಹೋಗಿ ನೋಡಿದರೆ ಬಕೆಟ್ ನಾರುತ್ತಿತ್ತು, ಎರಡು ಅಂಗಿ ಎಸೆಯಬೇಕಾಯಿತು.

ದೂರು ಇರುವುದು ಆಮೇಲಿನದರ ಬಗ್ಗೆ. ಆ ರಜೆಯನ್ನು ನಾನು ವಾಪಸ್ ಕೇಳಲಿಲ್ಲ. ಟ್ರೈನಿ ಅಲ್ವಾ, ಕೇಳಿದರೆ ಏನಂದುಕೊಳ್ಳುತ್ತಾರೋ ಅನ್ನುವ ಹೆದರಿಕೆ. ಒಟ್ಟು ಹನ್ನೆರಡು ದಿನ ಒಂದೇ ಸಮನೆ ದುಡಿದೆ. ಹನ್ನೆರಡನೇ ರಾತ್ರಿ ಸುದ್ದಿ ಏಜೆನ್ಸಿಯಿಂದ ಬಂದ ಇಂಗ್ಲಿಷ್ ವರದಿ ಅನುವಾದ ಮಾಡುವಾಗ 1.2 ಮಿಲಿಯನ್ ಜನ ಅಂತಿದ್ದದ್ದನ್ನು 1.2 ಲಕ್ಷ ಅಂತ ಹೊಡೆದೆ, 12 ಲಕ್ಷ ಆಗಬೇಕಿತ್ತು. ತಲೆಬರಹದಲ್ಲೂ ಅದೇ. ಪುಟ ಹೋಗುವ ಹತ್ತು ನಿಮಿಷ ಮೊದಲು ಹಿರಿಯ ಉಪಸಂಪಾದಕರು ಕೆಂಪು ಪೆನ್ನಿನಿಂದ ಸುತ್ತು ಹಾಕಿ, ಬೈಯದೆ, "ಕೊನೇ ಸಲ ರಜೆ ಯಾವಾಗ ತಗೊಂಡೆ?" ಅಂದರು. ಬೈದಿದ್ದರೆ ವಾಸಿಯಿತ್ತು.

ಅವರೇ ಹೇಳಿಕೊಟ್ಟಿದ್ದು: ಹೋದ ರಜೆಯನ್ನು ಅದೇ ವಾರ ಕೇಳಬೇಕು, ತಿಂಗಳು ಬಿಟ್ಟು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಶಿಫ್ಟ್ ಪಟ್ಟಿ ಹಾಕುವವರ ಹತ್ತಿರ ಪಟ್ಟಿ ಬರುವ ಮೊದಲೇ ಮಾತಾಡಬೇಕು, ಬಂದ ಮೇಲೆ ಗೋಳಾಡಿ ಪ್ರಯೋಜನವಿಲ್ಲ. ಇನ್ನೊಬ್ಬ ಟ್ರೈನಿ ಜೊತೆ ದಿನ ಅದಲುಬದಲು ಮಾಡಿಕೊಳ್ಳುವಾಗ ಮೊದಲು ನೀವು ಅವರಿಗೆ ಒಂದು ದಿನ ಬಿಟ್ಟುಕೊಡಿ, ಆಮೇಲೆ ನಿಮ್ಮ ತಂಗಿ ಮದುವೆಗೆ ಮೂರು ದಿನ ಸಿಗುತ್ತದೆ. ಮತ ಎಣಿಕೆ ದಿನ, ಬಜೆಟ್ ದಿನ ಮಾತ್ರ ಬಾಯಿ ತೆರೆಯಬೇಡಿ.

ವಾಟ್ಸ್ಆ್ಯಪ್ ಗುಂಪುಗಳ ಬಗ್ಗೆಯೂ ಒಂದು ಮಾತು. ರಜೆ ದಿನ ನಾನು ಎಲ್ಲವನ್ನೂ ಮ್ಯೂಟ್ ಮಾಡಿ, ಡೆಸ್ಕ್‌ನ ನಂಬರ್ ಒಂದನ್ನು ಬಿಟ್ಟಿರುತ್ತಿದ್ದೆ. ನಿಜವಾಗಿ ಬೇಕಿದ್ದರೆ ಅವರು ಫೋನೇ ಮಾಡುತ್ತಾರೆ. "ನಮ್ಮ ಕಾಲದಲ್ಲಿ ರಜೆಯೇ ಇರಲಿಲ್ಲ" ಅನ್ನುವವರು ಪ್ರತಿ ಆಫೀಸಿನಲ್ಲೂ ಇಬ್ಬರು ಇರುತ್ತಾರೆ, ಸುಮ್ನೆ ನಗಾಡಿ.

ನಿಮ್ಮ ಕೊಳಲಿನ ಗುರುಗಳಿಗೆ ಈಗಲೇ ಫೋನ್ ಮಾಡಿ ಬೆಳಿಗ್ಗೆ ಹತ್ತರ ಹೊತ್ತಿಗೆ ಪಾಠ ಇದೆಯಾ ಕೇಳಿ. ಏಳು ಗಂಟೆ ಅಂದರೆ ಒಪ್ಪಿಕೊಳ್ಳಬೇಡಿ, ಎರಡು ಗಂಟೆಗೆ ಮಲಗಿದವರು ಏಳಕ್ಕೆ ಉಸಿರು ಹಿಡಿಯೋದು ಆಗದ ಮಾತು. ವಾರಕ್ಕೆ ಎರಡೇ ದಿನ ಸಾಕು. ಮತ್ತೆ ಪಿ.ಜಿ. ಹುಡುಕುವಾಗ ಟೆರೇಸ್ ಇರುವುದನ್ನೇ ನೋಡಿ, ಇಲ್ಲದಿದ್ದರೆ ಐ.ಟಿ.ಯಲ್ಲಿ ನೈಟ್ ಶಿಫ್ಟ್ ಮಾಡಿ ಬಂದು ಮಲಗಿದ ರೂಮ್‌ಮೇಟ್ ನಿಮ್ಮ ಕೊಳಲನ್ನೇ ಮುರಿದು ಹಾಕಿಯಾನು.