ಎಸ್‌ಎಸ್‌ಡಿಯಲ್ಲಿ ಅಳಿಸಿದ ಫೋಟೋ ಮರಳಿ ಸಿಗದೇಕೆ?

ಪ್ರಶ್ನೆ: ಅಕಸ್ಮಾತ್ ಅಳಿಸಿದ ಮದುವೆ ಫೋಟೋಗಳನ್ನು ನಮ್ಮ ಸ್ಟುಡಿಯೋದ ಹಳೆಯ ಹಾರ್ಡ್ ಡಿಸ್ಕಿನಿಂದ ಮರಳಿ ಪಡೆಯುತ್ತಿದ್ದೆವು, ಹೊಸ ಎಸ್‌ಎಸ್‌ಡಿಯಲ್ಲಿ ಏಕೆ ಆಗುತ್ತಿಲ್ಲ?
– ಛಾಯಾಗ್ರಾಹಕರೊಬ್ಬರು, ಗದಗ

ಉತ್ತರ: ಎಸ್‌ಎಸ್‌ಡಿ ಮಾಹಿತಿ ಉಳಿಸುವುದು ಫ್ಲ್ಯಾಶ್ ಎಂಬ ಮೆಮೊರಿ ಚಿಪ್ಪಿನಲ್ಲಿ. ಅಲ್ಲಿ ಬರೆಯುವುದು ‘ಪುಟ’ ಎಂಬ ಸಣ್ಣ ತುಣುಕುಗಳಲ್ಲಿ, ಸಾಮಾನ್ಯವಾಗಿ 4ರಿಂದ 16 ಕಿಲೋಬೈಟ್, ಅಳಿಸುವುದು ಮಾತ್ರ ನೂರಾರು ಪುಟಗಳ ಇಡೀ ಬ್ಲಾಕನ್ನು ಒಮ್ಮೆಲೇ. ಬರೆದ ಪುಟದ ಮೇಲೆ ಮತ್ತೆ ಬರೆಯಲಾಗದ ಕಾರಣ, ನೀವು ವಧುವಿನ ಸೀರೆಯ ಬಣ್ಣ ತಿದ್ದಿ ಸೇವ್ ಮಾಡಿದಾಗ ಎಸ್‌ಎಸ್‌ಡಿಯನ್ನು ನಿಯಂತ್ರಿಸುವ ಚಿಪ್ಪಾದ ಕಂಟ್ರೋಲರ್ ಅದನ್ನು ಬೇರೊಂದು ಖಾಲಿ ಪುಟದಲ್ಲಿ ಬರೆದು, ಕಂಪ್ಯೂಟರ್ ಕೇಳುವ ಹಳೆಯ ವಿಳಾಸದ ಎದುರಿಗೆ ಹೊಸ ಜಾಗವನ್ನು ತನ್ನ ಕೋಷ್ಟಕದಲ್ಲಿ ನಮೂದಿಸಿಕೊಳ್ಳುತ್ತದೆ. ಫೈಲ್ ಅಳಿಸಿದಾಗ ವಿಂಡೋಸ್ ‘ಟ್ರಿಮ್’, ಅಂದರೆ ಈ ಜಾಗದ ಮಾಹಿತಿ ಇನ್ನು ಬೇಡ ಎಂಬ ಆದೇಶ ಕಳುಹಿಸುವುದರಿಂದ ಸಾಮಾನ್ಯವಾಗಿ ಆ ನಮೂದೇ ರದ್ದಾಗುತ್ತದೆ. ಬಿಡುವಿನ ವೇಳೆಯಲ್ಲಿ ಬ್ಲಾಕೂ ಬರಿದಾಗುತ್ತದೆ, ಹಾಗಾಗಿ ಫೋಟೋ ಮರಳಿ ಸಿಗುವುದಿಲ್ಲ. ಆಲ್ಬಂ ಒಪ್ಪಿಸುವವರೆಗಾದರೂ ದಯವಿಟ್ಟು ಇನ್ನೊಂದು ಡಿಸ್ಕಿನಲ್ಲಿ ಪ್ರತಿ ಇಟ್ಟುಕೊಳ್ಳಿರಿ.