ನೆಟ್ ಬಂದ ಮೇಲೂ ಬಾಯ್ಲರ್ ಅಲಾರಂ ತಡ ಯಾಕೆ?

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮ ರೈಸ್ ಮಿಲ್ ಇದೆ. ಬಾಯ್ಲರ್ ಪ್ರೆಷರ್, ಮೋಟಾರ್ ಬಿಸಿ, ಭತ್ತದ ತೇವಾಂಶ, ಕರೆಂಟ್ ಮೀಟರ್ ಎಲ್ಲಕ್ಕೂ ಸೆನ್ಸರ್ ಹಾಕಿಸಿದ್ದೇವೆ. ಎಲ್ಲವೂ ಒಂದೇ ಗೇಟ್‌ವೇ (ಸೆನ್ಸರ್‌ಗಳ ರೀಡಿಂಗ್ ಸೇರಿಸಿ ನೆಟ್‌ಗೆ ಕಳಿಸುವ ಪೆಟ್ಟಿಗೆ), ಒಂದೇ ಸಿಮ್ ಮೂಲಕ ಹೋಗುತ್ತವೆ. ನೆಟ್ ಹೋಗಿ ಬಂದಾಗ ಪ್ರೆಷರ್ ಅಲಾರಂ ತುಂಬಾ ತಡವಾಗಿ ಮೊಬೈಲಿಗೆ ಬರುತ್ತದೆ. ಸೆನ್ಸರ್ ಮೆಸೇಜ್ ಕಳಿಸುವ ಪದ್ಧತಿಯಾದ ಎಂಕ್ಯೂಟಿಟಿಯಲ್ಲಿ (MQTT) ಎಲ್ಲ ಮೆಸೇಜಿಗೂ ಕ್ಯೂಓಎಸ್ (QoS) ಮಟ್ಟ 0, 1, 2ರಲ್ಲಿ ಅತಿ ಹೆಚ್ಚಿನ 2 ಇಟ್ಟಿದ್ದೇವೆ. ಆದರೂ ಸರಿಹೋಗಿಲ್ಲ.

ಉತ್ತರ: ಮೊದಲು ಬಾಯ್ಲರ್. ಸೇಫ್ಟಿ ವಾಲ್ವ್, ಮಿತಿ ದಾಟಿದರೆ ತಾನಾಗಿ ನಿಲ್ಲಿಸುವ ಟ್ರಿಪ್, ಸೈರನ್ ಮೂರೂ ನೆಟ್ ಇಲ್ಲದೆ ಅಲ್ಲೇ ಕೆಲಸ ಮಾಡಬೇಕು. ಮೊಬೈಲ್ ಮೆಸೇಜನ್ನು ನಂಬಿ ಕೂರಬೇಡಿ. ಇದನ್ನು ದಯವಿಟ್ಟು ಇವತ್ತೇ ನೋಡಿಕೊಳ್ಳಿ.

ಈಗ ಕ್ಯೂಓಎಸ್. ಜಾಸ್ತಿ ನಂಬರ್ ಇಟ್ಟರೆ ಬೇಗ ಹೋಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಅದು ಮೆಸೇಜ್ ತಲುಪುವ ಖಾತ್ರಿ ಅಷ್ಟೇ, ಸರದಿ ಅಲ್ಲ. ಕ್ಯೂಓಎಸ್ 2ರಲ್ಲಿ ಒಂದು ಮೆಸೇಜಿಗೆ ನಾಲ್ಕು ಪ್ಯಾಕೆಟ್ ಓಡಾಡಬೇಕು. ಎಲ್ಲಕ್ಕೂ ಅದನ್ನೇ ಇಟ್ಟರೆ ಸಿಮ್ ಮೇಲಿನ ಹೊರೆ ಸುಮ್ನೆ ಏರುತ್ತದೆ. ಅಲಾರಮ್ಮಿಗೆ ಕ್ಯೂಓಎಸ್ 1 ಸಾಕು. ಅದರಲ್ಲಿ ಮೆಸೇಜ್ ಒಮ್ಮೆಯಾದರೂ ತಲುಪುತ್ತದೆ, ಕೆಲವೊಮ್ಮೆ ಎರಡು ಸಲ ಬರಬಹುದು. ಒಂದೇ ಅಲಾರಂ ಎರಡು ಸಲ ಬಂದರೆ ನಷ್ಟವೇನಿಲ್ಲ ಅಲ್ವಾ?

ನಿಮ್ಮ ತೊಂದರೆ ಇರುವುದು ಗೇಟ್‌ವೇಯಲ್ಲಿ. ನೆಟ್ ಇಲ್ಲದಾಗ ಅಲ್ಲಿ ಮೆಸೇಜ್‌ಗಳು ವೇಬ್ರಿಡ್ಜ್ ಮುಂದಿನ ಲಾರಿಗಳಂತೆ ಸಾಲು ನಿಲ್ಲುತ್ತವೆ. ನೆಟ್ ಬಂದಾಗ ಹಳೆಯದೇ ಮೊದಲು ಹೊರಡುತ್ತದೆ. ಅರ್ಧ ಗಂಟೆ ಹಿಂದಿನ ಕರೆಂಟ್ ರೀಡಿಂಗ್ ಮುಂದೆ, ಈಗಿನ ಪ್ರೆಷರ್ ಹಿಂದೆ! ಅದಕ್ಕೆ ಕ್ಯೂಗಳನ್ನೇ ಬೇರೆ ಮಾಡಿಸಿ. ಅಲಾರಂ ಕ್ಯೂ ಖಾಲಿಯಾದ ಮೇಲೇ ಉಳಿದವು ಹೊರಡಲಿ.

ತುರ್ತು ಬೇರೆ, ಮುಖ್ಯ ಬೇರೆ. ತೇವಾಂಶದ ಲೆಕ್ಕ ಮುಖ್ಯ, ಕಳೆದುಹೋಗಬಾರದು. ಆದರೆ ರಾತ್ರಿ ಹೋದರೂ ನಡೆಯುತ್ತದೆ. ಸಮಯ ಹಾಕಿ ಗೇಟ್‌ವೇ ಮೆಮೊರಿಯಲ್ಲಿ ಇಡಿಸಿ. ಮೋಟಾರ್ ಬಿಸಿಯ ಮಾಮೂಲಿ ರೀಡಿಂಗಿನಲ್ಲಿ ಹೊಸದೊಂದಿದ್ದರೆ ಸಾಕು. 2019ರಲ್ಲಿ ಬಂದ ಎಂಕ್ಯೂಟಿಟಿ 5ರಲ್ಲಿ ಮೆಸೇಜಿಗೆ ಆಯುಸ್ಸು ಕೊಡಬಹುದು, ಅದು ಮುಗಿದರೆ ಬ್ರೋಕರ್ (ಮೆಸೇಜ್ ಪಡೆದು ಮುಂದೆ ಹಂಚುವ ಸರ್ವರ್) ಮುಂದೆ ಕಳಿಸುವುದಿಲ್ಲ. ಗೇಟ್‌ವೇಯಲ್ಲೂ ಇದೇ ನಿಯಮ ಬರೆಸಿ.

ಆದ್ಯತೆಯನ್ನು ಸೆನ್ಸರಿಗೆ ಕೊಡಬೇಡಿ, ರೀಡಿಂಗಿಗೆ ಕೊಡಿ. ಅದೇ ಮೋಟಾರಿನ ಬಿಸಿ ಮಿತಿ ದಾಟಿದರೆ ಆಗ ಅದು ಅಲಾರಂ. ವೈರ್ ಸಡಿಲವಾದ ಸೆನ್ಸರ್ ಕ್ಷಣಕ್ಕೊಮ್ಮೆ ಅಲಾರಂ ಕಳಿಸಿದರೆ ಉಳಿದದ್ದಕ್ಕೆಲ್ಲ ದಾರಿಯೇ ಸಿಗುವುದಿಲ್ಲ. ಆದ್ದರಿಂದ ಒಂದು ಸೆನ್ಸರಿನಿಂದ ನಿಮಿಷಕ್ಕೆ ಇಷ್ಟೇ ಅಲಾರಂ ಅಂತ ಮಿತಿ ಇರಲಿ.

ಆಮೇಲೆ ಪರೀಕ್ಷೆ ಮಾಡಿ. ಸಿಮ್ ತೆಗೆದು ಅರ್ಧ ಗಂಟೆ ಬಿಡಿ, ಒಂದು ಅಲಾರಂ ಹುಟ್ಟಿಸಿ, ಸಿಮ್ ಹಾಕಿ ಯಾವುದು ಮೊದಲು ಬರುತ್ತದೆ ನೋಡಿ. ಇದಕ್ಕಾಗಿ ಬಾಯ್ಲರ್ ಪ್ರೆಷರ್ ಏರಿಸಬೇಡಿ. ಸಾಫ್ಟ್‌ವೇರಿನಲ್ಲಿ ಮೊಬೈಲ್ ಅಲಾರಂನ ಮಿತಿಯನ್ನು ಸ್ವಲ್ಪ ಹೊತ್ತು ಕೆಳಗಿಳಿಸಿ, ಮುಗಿದ ಕೂಡಲೇ ಮೊದಲಿನಂತೆ ಇಡಿ.