ಹಾಲಿನಂತೆ ಮಬ್ಬಾದ ಫಿಲ್ಮನ್ನು ಎಸೆಯಬೇಡಿ

ಮಂಗಳೂರಿನ ನಿಮ್ಮ ಮನೆಯ ಬಚ್ಚಲಿನಲ್ಲಿ ತೊಳೆದ ಕಪ್ಪು-ಬಿಳುಪು ಫಿಲ್ಮು ಒಣಗಿದ ಮೇಲೆ ಹಾಲು ಚೆಲ್ಲಿದಂತೆ ಮಬ್ಬಾಗಿದೆ, ಎಸೆಯಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಎಸೆಯಬೇಡಿ. ಡೆವಲಪ್ ಆಗದೆ ಉಳಿದ ಸಿಲ್ವರ್ ಹಾಲೈಡನ್ನು (ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣ) ಫಿಕ್ಸರ್ ಎಂಬ ದ್ರಾವಣ ಪೂರ್ತಿಯಾಗಿ ಕರಗಿಸದಿದ್ದಾಗ ಈ ಮಬ್ಬು ಉಳಿಯುತ್ತದೆ. ಒಣ ಫಿಲ್ಮನ್ನೇ ಡೆವಲಪಿಂಗ್ ಟ್ಯಾಂಕಿನ ರೀಲಿಗೆ ಸುತ್ತಿ (ಒದ್ದೆಯಾದದ್ದು ಪ್ಲಾಸ್ಟಿಕ್ ರೀಲಿನಲ್ಲಿ ಸಿಕ್ಕಿಕೊಂಡು ಪ್ರಾಣ ಹಿಂಡುತ್ತದೆ), ಕೆಲವು ನಿಮಿಷ ನೀರಿನಲ್ಲಿ ನೆನೆಸಿ, ಹೊಸ ಫಿಕ್ಸರಿನಲ್ಲಿಟ್ಟು ಚೆನ್ನಾಗಿ ತೊಳೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇದನ್ನು ಬೆಳಕಿನಲ್ಲೇ ಮಾಡಬಹುದು.

ಎಷ್ಟು ಹೊತ್ತು ಫಿಕ್ಸ್ ಮಾಡಬೇಕೆಂಬುದಕ್ಕೆ ಫಿಕ್ಸರ್ ಬಾಟಲಿಯ ಮೇಲೆ ಬರೆದ ನಿಮಿಷಗಳಿಗಿಂತ ನಾನು ಹನಿ ಪರೀಕ್ಷೆಯನ್ನು ನಂಬುತ್ತೇನೆ. ಡೆವಲಪ್ ಮಾಡುವ ಮೊದಲೇ ಕತ್ತರಿಸಿ ತೆಗೆದ ಫಿಲ್ಮಿನ ತುದಿಯ ಮೇಲೆ ಒಂದು ಹನಿ ಫಿಕ್ಸರ್ ಬಿಟ್ಟು, ಅರ್ಧ ನಿಮಿಷದ ಬಳಿಕ ಇಡೀ ತುಂಡನ್ನು ಫಿಕ್ಸರಿನಲ್ಲಿ ಮುಳುಗಿಸಿ, ಹನಿ ಬಿದ್ದ ವೃತ್ತವು ಸುತ್ತಲಿನ ಭಾಗದಲ್ಲಿ ಬೆರೆತು ಕಾಣದಂತಾಗಲು ಮುಳುಗಿಸಿದಾಗಿನಿಂದ ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡಿ ಗುರುತಿಸಿಕೊಳ್ಳಿ. ಅದರ ಎರಡು ಪಟ್ಟು ಫಿಕ್ಸ್ ಮಾಡಿ. ಟಿ-ಮ್ಯಾಕ್ಸ್, ಡೆಲ್ಟಾ ಫಿಲ್ಮುಗಳಿಗಾದರೆ ಮೂರು ಪಟ್ಟು. ಹೊಸದರಲ್ಲಿ ಹಿಡಿದ ಹೊತ್ತಿನ ದುಪ್ಪಟ್ಟು ಹಿಡಿಯತೊಡಗಿದರೆ ಆ ಫಿಕ್ಸರಿನ ಆಯುಸ್ಸು ಮುಗಿದಂತೆ.

ನಮ್ಮ ಕರಾವಳಿಯ ಬೇಸಿಗೆಯಲ್ಲಿ ನಲ್ಲಿ ನೀರು 30 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಎಮಲ್ಷನ್ (ಫಿಲ್ಮಿನ ಮೇಲೆ ಚಿತ್ರ ಮೂಡುವ ಲೇಪ) ಮೆತ್ತಗಾಗಿ ಬೇಗ ಗೀರು ಬೀಳುತ್ತದೆ. ಬಾಟಲಿಗಳನ್ನೂ ತೊಳೆಯುವ ನೀರನ್ನೂ ಐಸ್ ಹಾಕಿದ ಬಕೆಟಿನಲ್ಲಿಟ್ಟು ಎಲ್ಲವನ್ನೂ ಸುಮಾರು 20 ಡಿಗ್ರಿಗೆ ತನ್ನಿ. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿಯಿರುತ್ತದೆ. ಅದನ್ನು ಬಾವಿಕಟ್ಟೆಯ ಬಳಿಯಾಗಲಿ ತೆಂಗಿನ ಬುಡಕ್ಕಾಗಲಿ ಸುರಿಯಬೇಡಿ.